ತಮ್ಮನ ಮುಖ ಒತ್ತಿದರೆ ಕಾಕಾ!

ನಮ್ಮ ಕಾಕಾ ಪಾರದರ್ಶಕ ಮನುಷ್ಯರಲ್ಲ! ಗುಣದ ಮಾತು ಹೇಳುತ್ತಿಲ್ಲ ನಾನು. ಗುಣದಲ್ಲಿ ಅವರು ತಿಳಿನೀರು. ನಾನು ಹೇಳುತ್ತಿರುವುದು ದೇಹದ ಮಾತು. ಅವರು ಎದುರಿಗೆ ನಿಂತರೆ ಹಿಂದಿನದು ಕಾಣುವುದಿಲ್ಲ. "ಯಾರು ನಿಂತರೂ ಕಾಣುವುದಿಲ್ಲವಲ್ಲ, ಅದರಲ್ಲೇನು ವಿಶೇಷ?" ಅಂತ ನೀವು ಕೇಳಬಹುದು. ನಿಜ. ಆದರೆ ಉಳಿದ ಜನ ಎದುರಿಗೆ ಬಂದು ನಿಲ್ಲುವುದಿಲ್ಲ. ನಮ್ಮ ಕಾಕಾ ನಿಲ್ಲುತ್ತಾರೆ!

ಟಿವಿಯಲ್ಲಿ ಕ್ರಿಕೆಟ್ ನಡೆದಿರುತ್ತದೆ. ಕಡೇ ಓವರು. ಮನೆಯವರೆಲ್ಲ ಉಸಿರು ಹಿಡಿದು ಕೂತಿರುತ್ತೇವೆ. ಆ ಗಳಿಗೆಗೆ ಸರಿಯಾಗಿ ಕಾಕಾ ಎದ್ದು, ಟಿವಿಗೂ ನಮಗೂ ನಡುವೆ ನಿಂತು, ನಮ್ಮ ಕಡೆ ಮುಖ ಮಾಡಿ, "ಈಗ ನೋಡ್ರಿ, ಮಗಾ ಸಿಕ್ಸ್ ಹೊಡೀತಾನ!" ಅನ್ನುತ್ತಾರೆ. ಏನನ್ನು ನೋಡುವುದು? ಅವರ ಧೋತರವನ್ನೇ? ಸಿಕ್ಸ್ ಹೋಯಿತೋ ವಿಕೆಟ್ ಬಿತ್ತೋ, ನಾವು ತಿಳಿದುಕೊಳ್ಳುವುದು ಬಾಜೂ ಮನೆಯವರ ಕೂಗಿನಿಂದ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅಥಣಿ ಬಸ್ಸಿನ ಬಾಗಿಲಲ್ಲಿ ನಿಂತು, "ಹತ್ತ್ರಿ, ಹತ್ತ್ರಿ, ಒಳಗ ಜಾಗಾ ಐತಿ" ಅಂತ ಮಂದಿಯನ್ನು ಕರೆಯುತ್ತಿದ್ದರಂತೆ. ಒಳಗೆ ಜಾಗ ಇತ್ತು, ಖರೆ. ಬಾಗಿಲಲ್ಲಿ ಇರಲಿಲ್ಲ! ಕಂಡಕ್ಟರು ಪಾಪ ಬಹಳ ಮರ್ಯಾದೆಯ ಮನುಷ್ಯ. "ಯಜಮಾನ್ರ, ನೀವೊಂದೀಟ ಇಳದ್ರ ಎಲ್ಲಾರೂ ಹತ್ತತಾರ್ರಿ" ಅಂದ. ಕಾಕಾ ಇಳಿದರು. ಎಲ್ಲರೂ ಹತ್ತಿದರು. ಬಸ್ಸು ಹೋಯಿತು. ಕಾಕಾ ಉಳಿದರು. ಕೂಡಲೇ ನನಗೆ ಫೋನು: "ನೋಡ ಬೇ, ನಾ ಒಬ್ಬಾಂವ ಇಳದಿದ್ದಕ್ಕ ಎಷ್ಟ ಮಂದಿಗೆ ಜಾಗಾ ಆತು!"

ಇನ್ನು ಲಗ್ನದ ಫೋಟೋಗಳ ಮಾತು ಕೇಳಲೇಬೇಡಿ. ನಿಪ್ಪಾಣಿಯಲ್ಲಿರುವ ನಮ್ಮ ಅತ್ತಿ, ಅಂದರೆ ಕಾಕಾನ ಅಕ್ಕ, ತನ್ನ ಮಗಳ ಲಗ್ನದ ಆಲ್ಬಮ್ಮನ್ನು ಯಾರಿಗೂ ತೋರಿಸುವುದಿಲ್ಲ. ತಾಳಿ ಕಟ್ಟುವ ಫೋಟೋದಲ್ಲಿ ಇರುವುದು ಕಾಕಾ ತಲೆಗೆ ಸುತ್ತಿದ ಒಂದು ಕೇಸರಿ ಪಟಕಾ, ಅಕ್ಕಿಕಾಳು ಹಿಡಿದ ಒಂದು ಕೈ. ತಾಳಿಯೂ ಇಲ್ಲ, ಕಟ್ಟಿದವನೂ ಇಲ್ಲ, ಕಟ್ಟಿಸಿಕೊಂಡವಳೂ ಇಲ್ಲ.

"ನನ್ನ ಮಗಳ ಲಗ್ನ ಆಗೇತಿ ಅನ್ನಾಕ ಸಾಕ್ಷಿ ಇಲ್ಲಲೇ! ನಿನ್ನ ಪಟಕಾ ಹೋಗಿ ಬಂದದ್ದಕ್ಕ ಅಷ್ಟ ಸಾಕ್ಷಿ ಐತಿ" ಅಂತ ಅತ್ತಿ ಇವತ್ತಿಗೂ ಕುದಿಯುತ್ತಾಳೆ.

"ನಾ ಸೈಡಿಗೇ ನಿಂತಿದ್ದೆ ಅಕ್ಕಾ. ಕ್ಯಾಮೆರಾದಾಂವ ಬಂದು ನನ್ನ ಹಿಂದ ನಿಂತ್ರ ನಾ ಏನ ಮಾಡ್ಲಿ?" ಅನ್ನುವುದು ಕಾಕಾನ ಉತ್ತರ.

ಇಂಥ ಕಾಕಾಗೆ ಈಗ ಅರವತ್ತೊಂದು ವಯಸ್ಸು. ಲಗ್ನವಾಗಿಲ್ಲ. ಅಥಣಿ ಹತ್ತಿರ ಹೊಲದಲ್ಲೇ ನಮ್ಮ ಮನೆ. ಅರ್ಧ ದ್ರಾಕ್ಷಿ, ಅರ್ಧ ಕಬ್ಬು. ಮನೆಯಲ್ಲಿ ಕಾಕಾನ ತಾಯಿ, ಅಂದರೆ ನಮ್ಮ ಆಯಿ, ನಮ್ಮ ಅಪ್ಪ, ಅವ್ವ, ತಮ್ಮ, ದೊಡ್ಡಪ್ಪಂದಿರ ಸಂಸಾರ, ಅವರ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಹೊಸಬರು ಬಂದರೆ, ಇಲ್ಲೇನೋ ಕಾರ್ಯಕ್ರಮ ಇದೆ ಅಂದುಕೊಂಡು ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳುತ್ತಾರೆ. ನಾನು ಮಾತ್ರ ಗಂಡನ ಜೊತೆ ಚಿಕ್ಕೋಡಿಯಲ್ಲಿದ್ದೇನೆ. ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನದೊಂದು ಖೋಲಿ. ಅಲ್ಲಿ ಕೂತು ಸುತ್ತಲಿನ ಶಾಲೆ, ಡೇರಿ, ಅಂಗಡಿಗಳಿಗೆ ವೆಬ್ ಪುಟ ಮಾಡಿಕೊಡುತ್ತೇನೆ.

ಈಚೆಗೆ ನನ್ನ ತಮ್ಮನಿಗೆ ಹೆಣ್ಣು ಗೊತ್ತಾಯಿತು. ಹುಡುಗಿ ಗಡಿಯಾಚೆಯವಳು. ಕಾಗವಾಡ ದಾಟಿ ಸ್ವಲ್ಪ ದೂರ ಹೋದರೆ ಬೋರ್ಡಿನ ಅಕ್ಷರ ಬದಲಾಗುತ್ತವೆ, ಕಬ್ಬು ಬದಲಾಗುವುದಿಲ್ಲ, ಅಲ್ಲಿಯವಳು. ಮನೆಮಾತು ಮರಾಠಿ. ಕನ್ನಡ ತಿಳಿಯುತ್ತದೆ, ಮಾತಾಡುವಾಗ ತಡವರಿಸುತ್ತಾಳೆ. ಮನೆ ನೋಡುವುದಕ್ಕೆ ತನ್ನವರ ಜೊತೆ ಬಂದಾಗ ನಮ್ಮ ಸೈನ್ಯವೆಲ್ಲ ಅಂಗಳಕ್ಕೆ ಇಳಿಯಿತು. ಹುಡುಗಿ ಕಣ್ಣಾಡಿಸಿದಳು, ಮುಖ ಸಣ್ಣದಾಯಿತು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಇವ್ರೆಲ್ಲಾ... ಮನೀಯವ್ರೇನ್ರಿ?"

ನಾನು ಉತ್ತರ ಕೊಡುವಷ್ಟರಲ್ಲಿ ನಮ್ಮಿಬ್ಬರ ನಡುವೆ ಕಾಕಾ ಇದ್ದರು. ಯಾವಾಗ ಬಂದರೋ!

ಅದಾದ ಮೇಲೆ ಒಂದು ದಿನ ಅವರು ಚಿಕ್ಕೋಡಿಗೆ ಬಂದು, ನನ್ನ ಖೋಲಿಯಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಒಂದ ಫೋಟೋ ತಗಿಸೂಣ ಬೇ. ಮನಿ ಮಂದಿ ಎಲ್ಲಾ ಇರಬೇಕು. ನೀ ಅದನ್ನ ನಿನ್ನ ಪುಟದಾಗ ಹಾಕು. ಮೌಸ್ ಒಯ್ದು ಯಾರ ಮುಖದ ಮ್ಯಾಲ ಇಟ್ರೂ ಅವರ ಹೆಸರು ಬರಬೇಕು. ಒತ್ತಿದ್ರ ಅವರ ಪೂರ್ತಿ ಚರಿತ್ರಾ ಬರಬೇಕು. ಕನ್ನಡದಾಗೂ ಇರಬೇಕು, ಮರಾಠ್ಯಾಗೂ ಇರಬೇಕು."

"ಯಾತಕ್ಕ ಕಾಕಾ?"

"ಆ ಹುಡುಗಿ ನಮ್ಮ ಹೊಸ್ತಲಾ ದಾಟೂದ್ರಾಗ ಎಲ್ಲಾರ ಗುರ್ತಾ ಹಿಡದಿರಬೇಕು. ಬಂದಕಿ ಹೆದರಬಾರದು."

ಅಡ್ಡ ನಿಲ್ಲುವ ಕಾಕಾನ ತಲೆಯಲ್ಲಿ ಇಂಥದೊಂದು ವಿಚಾರ! ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಫೋಟೋ ತೆಗೆದದ್ದು ನಮ್ಮ ಒಣದ್ರಾಕ್ಷಿ ಶೆಡ್ಡಿನ ಮುಂದೆ. ಕಾಕಾ ಆಣೆ ಮಾಡಿ ಎಡಗಡೆ ತುದಿಗೆ ನಿಂತರು. ಫೋಟೋದವ "ರೆಡಿ" ಅಂದಾಗಲೂ ತುದಿಯಲ್ಲೇ ಇದ್ದರು. ಆದರೆ ಫೋಟೋದಲ್ಲಿ ನಟ್ಟನಡುವೆ ಇದ್ದಾರೆ! ಆಯಿಯ ಸೆರಗು ಜಾರಿತ್ತಂತೆ, ಸರಿಮಾಡೆಂದು ಹೇಳುವುದಕ್ಕೆ ಬಂದರಂತೆ. ಅವರ ಪಟಕಾದ ಹಿಂದೆ, ಹೆಗಲಿಗೆ ಹತ್ತಿ, ಹಣೆಯಿಂದ ಮೀಸೆಯವರೆಗೆ ಮಾತ್ರ ಕಾಣುವವನೇ ಮದುಮಗ, ನನ್ನ ತಮ್ಮ.

"ಇನ್ನೊಂದ ತಗೀರಿ" ಅಂದೆ. ಆಗಲೇ ಮಕ್ಕಳು ಚದುರಿದ್ದರು, ದೊಡ್ಡಪ್ಪ ಎಮ್ಮೆ ಬಿಡಲು ಹೋಗಿದ್ದ. ಮೇಲಾಗಿ, ಕ್ಯಾಮೆರಾ ಕಂಡರೆ ಬಾಯಿ ಬಿಗಿದುಕೊಳ್ಳುವ ಆಯಿ ಈ ಒಂದು ಫೋಟೋದಲ್ಲಿ ನಕ್ಕುಬಿಟ್ಟಿದ್ದಳು. ಅದನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಅದೇ ಫೋಟೋ ಅಂತ ಠರಾವಾಯಿತು.

ಒತ್ತಿದರೆ ಬರುವ ಚರಿತ್ರೆಗಳನ್ನು ಕಾಕಾನೇ ಹೇಳಿ ಬರೆಸಿದರು. ಆಯಿಯದು: "ಮಾತಾಡಿದ್ರ ಬೈದಂಗ ಕೇಳತೈತಿ. ಬೈಯಾಕತ್ತಿಲ್ಲ." ನಮ್ಮ ಅಪ್ಪನದು: "ಚಹಾ ಕುಡಿಯೂತನಕ ಮಾತಾಡಿಸಬ್ಯಾಡ್ರಿ." ನಿಪ್ಪಾಣಿ ಅತ್ತಿಯದು: "ಹೋಗ್ತೇನಿ ಅಂದಾಗ ಬ್ಯಾಡ ಅನ್ನಬೇಕು. ಅನ್ನದಿದ್ರ ಸಿಟ್ಟಾಗತಾಳ. ಅಂದ್ರ ಉಳೀತಾಳ."

ತಮ್ಮದೇ ಚರಿತ್ರೆಗೆ ಬಂದಾಗ ಕಾಕಾ ಗಂಟಲು ಸರಿಮಾಡಿಕೊಂಡರು. "ಬರಕೋ. ವಯಸ್ಸು ಅರವತ್ತೊಂದು. ಮ್ಯಾಲಿನ ಸಾಲ ಹಲ್ಲು ಕಟ್ಟಿಸಿದ್ದು. ಎಡಗಾಲ ಮೊಣಕಾಲ ನೋವು. ಗೊರಕಿ ಐತಿ. ಲಗ್ನ ಆಗಿಲ್ಲ. ಹಿಂದ ಒಮ್ಮೆ ಗೊತ್ತಾಗಿತ್ತು, ಮುರೀತು."

"ಕಾಕಾ, ಇದೆಲ್ಲಾ ಯಾಕ್ರಿ?"

"ಸುಳ್ಳ ಹೇಳಿ ಹೆಣ್ಣ ತರಬಾರದು, ಬರಿ!"

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಕಾಕಾಗೂ ನನ್ನ ತಮ್ಮನಿಗೂ ಇರುವುದು ಒಂದೇ ಹೆಸರು, ನಮ್ಮ ಮುತ್ತಜ್ಜನದು. ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಮನೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಇಬ್ಬರೂ ಓ ಅನ್ನುತ್ತಾರೆ; ಮೊದಲು ಬಂದು ನಿಲ್ಲುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಸರಿ, ಪುಟ ಮಾಡಲು ಕೂತೆ. ಫೋಟೋದ ಮೇಲೆ ಒಬ್ಬೊಬ್ಬರ ಮುಖಕ್ಕೂ ಒಂದೊಂದು ಕಣ್ಣಿಗೆ ಕಾಣದ ಚೌಕ ಹಾಕಿದೆ. ಮೌಸು ಆ ಚೌಕದೊಳಗೆ ಬಂದರೆ ಹೆಸರು ಬರೆದ ಒಂದು ಸಣ್ಣ ಪಟ್ಟಿ ಏಳಬೇಕು. ಮೊದಲು ಆಯಿಯ ಮುಖದ ಮೇಲೆ ಇಟ್ಟು ನೋಡಿದೆ. ಪಟ್ಟಿ ಎದ್ದಿತು. ಆದರೆ ಎದ್ದದ್ದು ಸೀದಾ ಮೌಸಿನ ಕೆಳಗೇ ಬಂದು ಕೂತಿತು! ಈಗ ಮೌಸು ಮುಟ್ಟಿರುವುದು ಪಟ್ಟಿಯನ್ನೇ ಹೊರತು ಮುಖವನ್ನಲ್ಲ. 'ಓಹೋ, ಮೌಸು ಹೋಯಿತು' ಅಂತ ಮುಖ ತನ್ನ ಪಟ್ಟಿಯನ್ನು ಇಳಿಸಿತು. ಪಟ್ಟಿ ಇಳಿದರೆ ಮೌಸಿನ ಕೆಳಗೆ ಮತ್ತೆ ಮುಖ. ಮತ್ತೆ ಪಟ್ಟಿ ಎದ್ದಿತು. ಮತ್ತೆ ಇಳಿಯಿತು. ಪಕ್ಕದಲ್ಲೇ ಕೂತಿದ್ದ ಕಾಕಾ ಗಾಬರಿಯಾದರು.

"ನಮ್ಮವ್ವನ ಹೆಸರು ಹೊಲದಾಗಿನ ಬಲ್ಬ್ ಆತಲ್ಲ ಬೇ! ಹತ್ತತೈತಿ, ಆರತೈತಿ, ಹತ್ತತೈತಿ, ಆರತೈತಿ! ಲೈನ್‌ಮನ್ನ ಕರೀಲೇನು?"

ಲೈನ್‌ಮನ್ ಬೇಕಾಗಲಿಲ್ಲ. 'ಮೌಸು ನಿನ್ನ ಮೇಲೆ ಬಂದರೂ ನೀನು ಇಲ್ಲದ ಹಾಗೆ ಇರು, ನಿನ್ನ ಕೆಳಗಿರುವವರಿಗೆ ಅದನ್ನು ಬಿಟ್ಟುಕೊಡು' ಅಂತ ಪಟ್ಟಿಗೆ ಒಂದು ಸಾಲಿನ ಆಜ್ಞೆ ಬರೆದೆ. ಪಟ್ಟಿ ಗಪ್ಪಾಗಿ ನಿಂತಿತು. ಇಂಥ ಒಂದು ಸಾಲು ಕಾಕಾಗೂ ಬರೆಯುವ ಹಾಗಿದ್ದರೆ!

ಆಮೇಲೆ ಕ್ಲಿಕ್ಕಿನ ತಕರಾರು. ಮುಖ ಒತ್ತಿದರೆ ಚರಿತ್ರೆ ತೆರೆಯಬೇಕು, ಫೋಟೋದಲ್ಲಿ ಬೇರೆಲ್ಲಾದರೂ ಒತ್ತಿದರೆ ಮುಚ್ಚಬೇಕು; ಹಾಗೆ ಬರೆದಿದ್ದೆ. ಆದರೆ ಮುಖವೂ ಫೋಟೋದ ಒಳಗೇ ಇದೆಯಲ್ಲ? ಒತ್ತಿದ ಸುದ್ದಿ ಮೊದಲು ಮುಖಕ್ಕೆ ಮುಟ್ಟಿತು, ಚರಿತ್ರೆ ತೆರೆಯಿತು. ಅದೇ ಸುದ್ದಿ ಅಲ್ಲಿಂದ ಮೇಲೆ ಹೋಗಿ ಇಡೀ ಫೋಟೋಕ್ಕೂ ಮುಟ್ಟಿತು, ಚರಿತ್ರೆ ಮುಚ್ಚಿತು. ನಮ್ಮ ಮನೆಯೂ ಹಾಗೇ. ಒಬ್ಬರ ಕಿವಿಗೆ ಬಿದ್ದದ್ದು ಎಲ್ಲರ ಕಿವಿಗೂ ಹೋಗುತ್ತದೆ, ಆಮೇಲೆ ಕೆಲಸ ಕೆಡುತ್ತದೆ.

"ಒಂದ ಒತ್ತಿಗೆ ತೆರದು ಅದ ಒತ್ತಿಗೆ ಮುಚ್ಚಿದ್ರ ಅದೇನ ಚರಿತ್ರಾನ, ಕಣ್ಣಿನ ರೆಪ್ಪೀನ?" ಅಂತ ಕಾಕಾ ರೇಗಿದರು. 'ಸುದ್ದಿ ಮುಖದ ಹತ್ತಿರವೇ ನಿಲ್ಲಲಿ, ಮೇಲೆ ಹೋಗಬಾರದು' ಅಂತ ಇನ್ನೊಂದು ಸಾಲು ಬರೆದೆ. ಅದೂ ಬಗೆಹರಿಯಿತು.

ಉಳಿದದ್ದು ಒಂದೇ: ಚೌಕಗಳು ಒಂದರ ಮೇಲೊಂದು ಬಿದ್ದ ಜಾಗಗಳು. ಗುಂಪಿನ ಫೋಟೋ ಅಂದ ಮೇಲೆ ಒಬ್ಬರ ಕಿವಿ ಇನ್ನೊಬ್ಬರ ಗಲ್ಲಕ್ಕೆ ಹತ್ತಿಯೇ ಇರುತ್ತದೆ. ಅದನ್ನು ಕಾಕಾಗೆ ತಿಳಿಸಿ ಹೇಳಿದೆ.

"ನೋಡ್ರಿ ಕಾಕಾ, ಎರಡ ಚೌಕ ಒಂದರ ಮ್ಯಾಲ ಒಂದ ಬಿದ್ರ, ಮ್ಯಾಲ ಇದ್ದದ್ದಕ್ಕ ಅಷ್ಟ ಕ್ಲಿಕ್ ಸಿಗತೈತಿ. ಕೆಳಗಿನದಕ್ಕ ಸುದ್ದೀನ ಹೋಗೂದಿಲ್ಲ. ಮ್ಯಾಲಿಂದು ಕಣ್ಣಿಗೆ ಕಾಣದಿದ್ರೂ ಅಷ್ಟ."

"ಯಾರು ಮ್ಯಾಲ, ಯಾರು ಕೆಳಗ ಅನ್ನೂದು ಹೆಂಗ?"

"ಒಬ್ಬೊಬ್ಬರಿಗೂ ಒಂದ ನಂಬರ್ ಇರತೈತ್ರಿ. ನಂಬರ್ ದೊಡ್ಡದಿದ್ದವ್ರು ಮ್ಯಾಲ."

"ಹೌದಾ!" ಅಂದರು ಕಾಕಾ. ಅವರ ಕಣ್ಣಿನಲ್ಲಿ ಒಂದು ಮಿಂಚು ಹಾದುಹೋಯಿತು. ಅಷ್ಟರಲ್ಲಿ ಕೆಳಗೆ ಅಂಗಡಿಯವರು ಕರೆದರು, ನಾನು ಇಳಿದು ಹೋದೆ. ತಿರುಗಿ ಬಂದಾಗ ಕಾಕಾ ಕೈ ಕಟ್ಟಿಕೊಂಡು, ಕಂಪ್ಯೂಟರಿನಿಂದ ದೂರ, ಗೋಡೆಗೆ ಆತು ಕೂತಿದ್ದರು. ನಮ್ಮ ಕಾಕಾ ಒಂದು ವಸ್ತುವಿನಿಂದ ದೂರ ಕೂತಿದ್ದಾರೆ ಅಂದರೆ ಅದಕ್ಕೆ ಏನೋ ಆಗಿದೆ ಅಂತಲೇ ಅರ್ಥ! ಆದರೆ ಅವತ್ತು ನನಗೆ ಹೊಳೆಯಲಿಲ್ಲ.

"ನಾಳೆ ಎಲ್ಲಾರ ಮುಖಾ ಒತ್ತಿ ನೋಡಿ ಕಳಸ್ತೇನ್ರಿ" ಅಂದೆ. "ಆತು, ಆತು" ಅಂತ ಕಾಕಾ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕೂತವರೇ, ನೋಡಲೆಂದು ನಾನು ಅವರ ಫೋನಿಗೆ ಹಾಕಿದ್ದ ಪುಟದ ಕೊಂಡಿಯನ್ನು ಹುಡುಗಿಯ ಅಪ್ಪನಿಗೆ ವಾಟ್ಸಾಪ್ ಮಾಡಿಬಿಟ್ಟರು. ತಡವಾದರೆ ಹುಡುಗಿ ಹೆದರುತ್ತಾಳಲ್ಲ!

ಮರುದಿನ ನಾನು ಒತ್ತಿ ನೋಡಲು ಕೂರುವ ಮೊದಲೇ ಹುಡುಗಿಯ ಅಪ್ಪನಿಂದ ನಮ್ಮ ಅಪ್ಪನಿಗೆ ಫೋನು ಬಂತು. ನಮಸ್ಕಾರ ಇಲ್ಲ, ಊಟ ಆಯ್ತೇನು ಇಲ್ಲ. "ನಾಳೆ ಬರ್ತೇವ್ರಿ. ಹುಡುಗಗ ಮನ್ಯಾಗ ಇರಾಕ ಹೇಳ್ರಿ." ಅಷ್ಟೇ.

ಮನೆಯಲ್ಲಿ ಕಾವಲಿ ಕಾದಂತಾಯಿತು. ಲಗ್ನದ ಕಾರ್ಡು ಹಂಚಿ ಮುಗಿದಿತ್ತು. ಅವ್ವ ದೇವರ ಮುಂದೆ ಕೂತಳು. ನನಗೆ ಬುಲಾವು ಬಂತು, ಅವರು ಬರುವ ದಿನ ನಸುಕಿಗೇ ಹೋದೆ. ತಮ್ಮ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು ದ್ರಾಕ್ಷಿ ಸಾಲುಗಳ ನಡುವೆ ತಿರುಗುತ್ತಿದ್ದ. "ಮೆಸೇಜ್ ನೋಡ್ಯಾಳ ಅಕ್ಕಾ. ಉತ್ತರಾ ಕೊಟ್ಟಿಲ್ಲ. ನಾ ಏನ ತಪ್ಪ ಮಾಡೇನಿ?" ಅಂದ. ಅವನು ಹಿಂದಿನ ರಾತ್ರಿ ಊಟ ಬಿಟ್ಟಿದ್ದನಂತೆ. ನಮ್ಮ ಹುಡುಗ ಊಟ ಬಿಟ್ಟದ್ದು ಜೀವಮಾನದಲ್ಲೇ ಅದು ಮೊದಲು.

ಅವರು ಬಂದರು. ಹುಡುಗಿಯ ಅಪ್ಪ, ಜೊತೆಗೆ ಹುಡುಗಿಯ ಸೋದರತ್ತೆ. ತೆಳ್ಳಗಿನ ಹೆಂಗಸು, ಕಣ್ಣು ಮಾತ್ರ ತಕ್ಕಡಿಯ ಮುಳ್ಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಕಾಕಾನನ್ನು ಸುತ್ತುಹಾಕಿ ಒಳಗೆ ಬಂದು, "ಮುಲಗಾ ಕುಠೇ ಆಹೇ? ಹುಡುಗ ಎಲ್ಲದಾನ?" ಅಂದರು.

ತಮ್ಮ ಬಂದು ಕೈ ಮುಗಿದು ನಿಂತ.

ಸೋದರತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೂಡಪಾ" ಅಂದರು. ಕೂತ. "ಏಳು." ಎದ್ದ. "ಇನ್ನೊಮ್ಮೆ ಕೂಡು. ಎಡಗಾಲ ಮಡಚು." ಮಡಚಿದ. ನಾವೆಲ್ಲ ಮುಖ ಮುಖ ನೋಡಿಕೊಂಡೆವು.

"ಮನ್ಯಾಗ ಕಬ್ಬ ಐತೇನ್ರಿ?"

ಆಯಿ ನನ್ನ ಕಿವಿಯಲ್ಲಿ, "ಕಬ್ಬಿನ ಹೊಲದಾಗ ನಿಂತು ಕಬ್ಬ ಐತೇನು ಅಂತ ಕೇಳ್ತಾಳಲ್ಲ, ಇಕಿಗೆ ಏನಾಗೇತಿ?" ಅಂದಳು. ಅಪ್ಪ ಓಡಿ ಒಂದು ಜಲ್ಲೆ ತಂದ.

"ಸಿಗದ ತೋರಸು" ಅಂದರು ಸೋದರತ್ತೆ. ತಮ್ಮ ಉಪವಾಸ ಬೇರೆ ಇದ್ದ. ಸಿಪ್ಪೆಯನ್ನು ಹಲ್ಲಿನಿಂದ ಚರ್ರನೆ ಕಿತ್ತು, ಕಚ್ಚಿ, ಅಗಿದು, ಉಗುಳಿ, ಮತ್ತೆ ಕಚ್ಚಿ, ಗಣಿಕೆ ಬಿಟ್ಟು ಬಿಟ್ಟು ಅರ್ಧ ಜಲ್ಲೆ ಮುಗಿಸಿದ. ಸೋದರತ್ತೆ ಹತ್ತಿರ ಬಾಗಿ ಅವನ ಮೇಲಿನ ಸಾಲನ್ನೇ ನೋಡುತ್ತಿದ್ದರು. ಆಮೇಲೆ ಅಣ್ಣನ ಕಡೆ ತಿರುಗಿ, ನಿರಾಶೆಯೋ ಸಮಾಧಾನವೋ ತಿಳಿಯದ ದನಿಯಲ್ಲಿ, "ದಾತ ಖರೇಚ ಆಹೇತ! ಹಲ್ಲ ಖರೇವ ಅದಾವು!" ಅಂದರು.

"ಇಲ್ಲದ ಏನ, ಹುಡುಗಗ ಇಪ್ಪತ್ತೆಂಟ ವರ್ಷರೀ!" ಅಂತ ಅಪ್ಪ ಕೂಗಿದ.

"ಮತ್ತ ನೀವ ಯಾಕ ಹಂಗ ಬರದೀರಿ?" ಅಂದರು ಹುಡುಗಿಯ ಅಪ್ಪ. "ಮನೀ ಮಂದೆಲ್ಲಾ ಕಂಪ್ಯೂಟರ್ ಮುಂದ ಕುಂತ ನೋಡಿದ್ವಿ. ಹುಡುಗನ ಮುಖಾ ಒತ್ತಿದ್ರ ಅರವತ್ತೊಂದ ವಯಸ್ಸು! ಹಲ್ಲ ಕಟ್ಟಿಸ್ಯಾರ! ಮೊಣಕಾಲ ನೋವು! ವಯಸ್ಸು ತಪ್ಪ ಬಿದ್ದಿರಬೇಕು ಅಂತ ಬಿಡಬಹುದು. ಹಿಂದ ಒಂದ ಸೋಯರಿಕಿ ಮುರದೈತಿ ಅನ್ನೂದನ್ನ ಹೆಂಗ ಬಿಡೂದು? ಯಾಕ ಮುಚ್ಚಿಟ್ರಿ? ನನ್ನ ಮಗಳು ಒಂದ ಸವನ ಅಳಾಕತ್ತಾಳ!"

ನನ್ನ ತಲೆಯಲ್ಲಿ ದೀಪ ಹತ್ತಿತು. ಲ್ಯಾಪ್‌ಟಾಪ್ ತಂದು ಕಟ್ಟೆಯ ಮೇಲಿಟ್ಟು, ಮೌಸು ಹಚ್ಚಿ, ತಮ್ಮನ ಮುಖಕ್ಕೆ ಒಯ್ದೆ. ಹೆಸರು ಬಂತು, ಸರಿಯಾದ ಹೆಸರೇ. ಇಬ್ಬರದೂ ಒಂದೇ ಅಲ್ಲವೇ! ಒತ್ತಿದೆ. ವಯಸ್ಸು ಅರವತ್ತೊಂದು!

ಕಾಣದ ಚೌಕಗಳಿಗೆಲ್ಲ ಕೆಂಪು ಗೆರೆ ಬರುವ ಹಾಗೆ ಮಾಡಿದೆ. ಎಲ್ಲರ ಮುಖದ ಮೇಲೂ ಹೆಬ್ಬೆರಳಷ್ಟು ಚೌಕ. ನಡುವೆ ಒಂದು ಚೌಕ ಮಾತ್ರ ಕಾಕಾನ ಪಟಕಾದ ತುದಿಯಿಂದ ಹೆಗಲ ಟಾವೆಲ್ಲಿನ ಅಂಚಿನವರೆಗೆ ಹಾಸಿ ಬಿದ್ದಿತ್ತು, ಹೊಲದ ಹಾಗೆ! ಅದರೊಳಗೆ ತಮ್ಮನ ಮುಖ ಪೂರ್ತಿ, ಅತ್ತಿಯ ಒಂದು ಕಿವಿ, ಅವ್ವನ ಕುಂಕುಮ, ಹಿಂದೆ ಕಟ್ಟಿದ್ದ ಕರುವಿನ ತಲೆ ಎಲ್ಲ ಸೇರಿಕೊಂಡಿದ್ದವು. ಅದರ ನಂಬರು ನೋಡಿದೆ. ಒಂಬತ್ತು. ಒಂಬತ್ತರ ಮುಂದೆ ಒಂಬತ್ತು. ಅದರ ಮುಂದೆ ಒಂಬತ್ತು. ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರು ಸಾಲುಗಟ್ಟಿದ ಹಾಗೆ ಪರದೆಯ ತುದಿತನಕ ಒಂಬತ್ತು!

"ಕಾಕಾ!!"

ಕಾಕಾ ಬಾಗಿಲು ಬಿಟ್ಟು ಈಚೆ ಬಂದರು. "ಪಟಕಾ ಪೂರ್ತಿ ಬರ್ಲಿ ಅಂತ ಮೂಲಿ ಹಿಡದ ಒಂದೀಟ ಎಳದೆ ಬೇ..."

"ಮತ್ತ ಈ ಒಂಬತ್ತು?"

"ಯಾರ ಮ್ಯಾಲೂ ಹತ್ತಬೇಕಂತ ಅಲ್ಲ ಬೇ. ನಾ ಕೆಳಗ ಬೀಳಬಾರದಂತ ಹಾಕ್ದೆ."

ಅಲ್ಲೇ ಅವರ ಚೌಕವನ್ನು ಮುಖದಷ್ಟಕ್ಕೆ ಕತ್ತರಿಸಿದೆ. ಒಂಬತ್ತುಗಳನ್ನೆಲ್ಲ ಅಳಿಸಿ ಒಂದೇ ಒಂದು ಉಳಿಸಿದೆ, ತಮ್ಮನಿಗೆ ಹತ್ತು ಕೊಟ್ಟೆ. "ಈಗ ಒತ್ತ್ರಿ" ಅಂತ ಮೌಸನ್ನು ಸೋದರತ್ತೆಯ ಕೈಗಿಟ್ಟೆ. ಅವರು ಚೇಳು ಮುಟ್ಟುವ ಹಾಗೆ ಒಂದೇ ಬೆರಳಿನಿಂದ ಒತ್ತಿ, ಮರಾಠಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದರು. ಅದರ ಕನ್ನಡ ಹೀಗಿತ್ತು: "ವಯಸ್ಸು ಇಪ್ಪತ್ತೆಂಟು. ಸಿಟ್ಟು ಬರೂದಿಲ್ಲ. ಬಂದ್ರ ಹಸಿವಿ ಆಗೇತಿ ಅಂತ ತಿಳೀರಿ."

ಮೊದಲು ನಕ್ಕದ್ದು ಹುಡುಗಿಯ ಅಪ್ಪ. ನಕ್ಕರು ಅಂದರೆ ಅಂಥಿಂಥ ನಗೆಯಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕಂಬ ಹಿಡಿದುಕೊಂಡು ಕುಸಿದು ಕೂತರು. ಅಪ್ಪ 'ಉಸ್' ಅಂದ. ಅವ್ವ ದೇವರ ಮನೆಗೆ ಓಡಿಹೋಗಿ ಇನ್ನೊಂದು ದೀಪ ಹಚ್ಚಿ ಬಂದಳು. ಯಾರೋ ಚಹಾಕ್ಕೆ ಇಟ್ಟರು. ಮುಟ್ಟದೆ ಬಿಟ್ಟಿದ್ದ ನೀರನ್ನು ಸೋದರತ್ತೆ ಗಟಗಟ ಕುಡಿದು, ಕಾಲು ಚಾಚಿ, ನಮ್ಮವರೇ ಆಗಿ ಕೂತರು. ಮಗಳಿಗೆ ಅಪ್ಪನಿಂದ ಫೋನು ಹೋಯಿತು. ಸ್ವಲ್ಪ ಹೊತ್ತಿಗೆ ತಮ್ಮನ ಫೋನು ಟಿಣ್ ಅಂದಿತು. ಓದಿದವನ ಮುಖ ಕೆಂಪಾಯಿತು. ನಾನು ಕಸಿದುಕೊಂಡು ನೋಡಿದೆ. ಹುಡುಗಿ ಕನ್ನಡದಲ್ಲೇ ಬರೆದಿದ್ದಳು: "ನಿಮ್ಮ ಹಲ್ಲು ನಿಮ್ಮವೇ ಅಂತ. ಸಂತೋಷ ಆಯ್ತು."

ಎಲ್ಲ ಮುಗಿಯಿತು ಅನ್ನುವಾಗ ಸೋದರತ್ತೆ ಬಟ್ಟಲು ಕೆಳಗಿಟ್ಟು ಕಾಕಾನನ್ನು ಕೇಳಿದರು. "ಹಂಗಾದ್ರ ಆ ಮುರದ ಸೋಯರಿಕಿ ನಿಮ್ಮದೇನ್ರಿ? ಯಾಕ ಮುರೀತು?"

ನಮ್ಮ ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ಕಾಕಾ ಲಗ್ನ ಗೊತ್ತಾದ ಹುಡುಗಿಯನ್ನು ಕಾರಣವಿಲ್ಲದೆ ಒಲ್ಲೆ ಅಂದರಂತೆ, ಅದಕ್ಕೇ ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲವಂತೆ. ನಮಗೆ ಗೊತ್ತಿದ್ದದ್ದು ಇಷ್ಟೇ.

ಕಾಕಾ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹುಡುಗಿ ರಾಯಬಾಗ ಕಡೇಕಿ ಇದ್ಲು. ಆಕಿಗೆ ನರ್ಸ್ ಕಲೀಬೇಕಂತ ಇತ್ತು. ಮನ್ಯಾಗ ಹೇಳಿದ್ರ ಅವರಪ್ಪ ಕಾಲ ಮುರೀತಿದ್ದ. ನನ್ನ ಮುಂದ ಹೇಳಿದ್ಲು. ಆಕಿ ಒಲ್ಲೆ ಅಂದ್ರ ಆಕಿಗೆ ಹೊಡತಾ. ನಾ ಒಲ್ಲೆ ಅಂದ್ರ ನನಗ ಬೈಗಳಾ. ಬೈಗಳಾ ಮೈಗೆ ಹತ್ತೂದಿಲ್ಲಲ್ಲ? ನಾನ ಒಲ್ಲೆ ಅಂದೆ."

"ಏನಲೇ!" ಅಂದಳು ಆಯಿ. "ಊರಿಗೆ ಊರ ನಿನ್ನ ಮಾರಿಗೆ ಉಗಳ್ತು. ನಾನೂ ಒಂದ ವರ್ಷ ನಿನ್ನ ಕೂಡ ಮಾತ ಬಿಟ್ಟೆ. ಯಾಕ ಹೇಳಲಿಲ್ಲ?"

"ಹೇಳಿದ್ರ ಆಕಿ ಹೆಸರ ಹೋಗತಿತ್ತ ಬೇ. ಈಗ ಆಕಿ ನರ್ಸ್ ಆಗಿ, ನೌಕರಿ ಮಾಡಿ, ರಿಟಾಯರೂ ಆದ್ಲಂತ. ಇನ್ನ ಹೇಳಾಕ ಅಡ್ಡಿ ಇಲ್ಲ."

ಸೋದರತ್ತೆ ಎದ್ದು ಕಾಕಾಗೆ ಕೈ ಮುಗಿದರು. ಕಾಕಾ ಪಟಕಾ ಮತ್ತೆ ತಲೆಗೇರಿಸಿ, "ಹೋಳಿಗಿ ಆಗ್ಯಾವೇನ ನೋಡ್ರಿ" ಅಂತ ಅಡಿಗೆಮನೆಯ ಕಡೆ ಹೊರಟುಬಿಟ್ಟರು.

ಬೀಗರು ಉಂಡು, ಲಗ್ನದ ಮಾತನ್ನು ಮತ್ತೊಮ್ಮೆ ಗಟ್ಟಿ ಮಾಡಿಕೊಂಡು, ನಗುತ್ತಾ ಗಾಡಿ ಹತ್ತಿದರು. ಮನೆಯವರೆಲ್ಲ ಊಟಕ್ಕೆ ಕೂತರು. ಕಾಕಾ ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಕಟ್ಟೆಯ ಮೇಲೆ ನನ್ನ ಲ್ಯಾಪ್‌ಟಾಪಿನ ಮುಂದೆ ಒಬ್ಬರೇ ಕೂತಿದ್ದರು. ಮೌಸಿನ ಬಾಣ ತಮ್ಮನ ಹಣೆಯ ಮೇಲಿತ್ತು. ಒತ್ತಿರಲಿಲ್ಲ.

"ಈಗ ಬರೋಬ್ಬರಿ ಐತ್ರಿ ಕಾಕಾ" ಅಂದೆ.

"ಐತಿ, ನೋಡ್ದೆ." ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. "ಈ ವಯಸ್ಸಿನ್ಯಾಗ ನಾನೂ ಹಿಂಗ ಇದ್ನೇನ ಬೇ?"

ಆಗ ನಾನು ಹುಟ್ಟಿರಲೇ ಇಲ್ಲ. ಪರದೆ ನೋಡಿದೆ, ಅವರನ್ನು ನೋಡಿದೆ. ಅದೇ ಕಿವಿ, ಅದೇ ಹುಬ್ಬು.

ಉತ್ತರ ನನ್ನ ಹಿಂದಿನಿಂದ ಬಂತು. ಆಯಿ ತಾಟಿನಲ್ಲಿ ಹೋಳಿಗೆ ಬಡಿಸಿಕೊಂಡು ಬಂದು ನಿಂತಿದ್ದಳು. "ಇವಗಿಂತ ಒಂದ ಗೇಣ ಎತ್ತರ ಇದ್ದಿ" ಅಂದಳು. "ಚಂದೂ ಇದ್ದಿ."

ಆಯಿ ಪಕ್ಕದಲ್ಲಿ ಕೂತು, ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಅರವತ್ತೊಂದರ ಮಗನ ಬಾಯಿಗೆ ತುತ್ತು ಹಿಡಿದಳು.

"ಬಾಯಿ ತೆಗಿ" ಅಂದಳು.

ಕಾಕಾ ಬಾಯಿ ತೆಗೆದರು.